ಕಲ್ಮಶದಿಂದ ಕಲಿತ ವಿದ್ಯೆ

ಇಂದು ಜೀವರಸಾಯನಶಾಸ್ತ್ರದ ಯಾವ ಪ್ರಯೋಗಶಾಲೆಯಾದರೂ ಬೆಲೆಕೊಟ್ಟು ತರಿಸಿಕೊಳ್ಳಬಹುದಾದ ಪದಾರ್ಥಗಳಲ್ಲಿ ಮೈಡಿ-88 ಎಂಬ ಮಾನವ ಪ್ರೋಟೀನೂ ಒಂದು. ಮನುಷ್ಯನ ವಂಶವಾಹಿಯೊಂದನ್ನು ಬ್ಯಾಕ್ಟೀರಿಯದ ಒಡಲಿನಲ್ಲಿ ನೆಲೆಗೊಳಿಸಿ, ಆ ಸೂಕ್ಷ್ಮಜೀವಿಯಿಂದಲೇ ಪ್ರೋಟೀನನ್ನು ಕಟ್ಟಿಸಿ, ಅದನ್ನು ಮತ್ತೆ ಮತ್ತೆ ತೊಳೆದು ಶೋಧಿಸಿ, ಮೈಕ್ರೋಗ್ರಾಮುಗಳ ಲೆಕ್ಕದಲ್ಲಿ ಪುಟ್ಟ ಸೀಸೆಗಳಿಗೆ ತುಂಬಿ ಮಾರುತ್ತಾರೆ. 296 ಅಮೈನೋ ಆಮ್ಲಗಳ ಈ ಸರಪಣಿಯ ಸಹಜಧರ್ಮವಾದರೋ, ಬ್ಯಾಕ್ಟೀರಿಯಗಳು ದೇಹವನ್ನು ಹೊಕ್ಕ ವಾರ್ತೆಯನ್ನು ಕೋಶದ ಹೊರಮೈಯಿಂದ ಒಳಕ್ಕೆ ದಾಟಿಸುವುದು. ಬ್ಯಾಕ್ಟೀರಿಯದ ಆಗಮನವನ್ನು ಸಾರತಕ್ಕ ವಸ್ತುವನ್ನು ಬ್ಯಾಕ್ಟೀರಿಯದಿಂದಲೇ ಮಾಡಿಸಿಕೊಳ್ಳುವ ಈ ವಿಚಿತ್ರವಾದ ಕಸುಬಿನ ಹಿಂದೆ ನೂರು ವರ್ಷಗಳಿಗೂ ಮಿಕ್ಕ ಒಂದು ಚರಿತ್ರೆಯುಂಟು. ಆ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಮನದಟ್ಟಾದ ಸಂಗತಿಯೊಂದಿದೆ: ಒಂದು ತಲೆಮಾರು ಕಲ್ಮಶವೆಂದು ತೊಳೆದು ಚೆಲ್ಲಲು ಹೆಣಗಿದ್ದನ್ನೇ ಮುಂದಿನ ತಲೆಮಾರು ಎತ್ತಿಕೊಂಡು ಪರೀಕ್ಷಿಸಿದಾಗಲೆಲ್ಲ ಇಲ್ಲಿ ಜ್ಞಾನವು ಒಂದು ಹೆಜ್ಜೆ ಮುಂದಕ್ಕೆ ಸರಿದಿದೆ.

1882ರಲ್ಲಿ ಸಿಸಿಲಿಯ ಮೆಸ್ಸಿನಾ ನಗರದಲ್ಲಿದ್ದ ರಷ್ಯದ ಪ್ರಾಣಿಶಾಸ್ತ್ರಜ್ಞ ಮೆಚ್ನಿಕಾಫ್, ನಕ್ಷತ್ರಮೀನಿನ ಪಾರದರ್ಶಕವಾದ ಮರಿಯ ಮೈಗೆ ಮುಳ್ಳನ್ನು ಚುಚ್ಚಿ, ಮರುದಿನ ಬೆಳಿಗ್ಗೆ ಆ ಮುಳ್ಳಿನ ಸುತ್ತ ಅಲೆಮಾರಿ ಕೋಶಗಳು ಬಂದು ಮುತ್ತಿಕೊಂಡಿದ್ದುದನ್ನು ಕಂಡದ್ದು ಈ ಶಾಸ್ತ್ರದ ಆದಿಪರ್ವದಲ್ಲಿ ಸುಪ್ರಸಿದ್ಧವಾದ ಪ್ರಸಂಗ. ಹುಟ್ಟಿನಿಂದಲೇ ಬಂದ, ಯಾವ ಪೂರ್ವಪರಿಚಯವನ್ನೂ ಬೇಡದ ರಕ್ಷಣೆಯೊಂದು ಪ್ರಾಣಿದೇಹದಲ್ಲಿ ಇದೆಯೆಂಬುದಕ್ಕೆ ಅದು ಮೊದಲ ಸಾಕ್ಷಿಯಾಯಿತು. ಆದರೆ ಆ ಕೋಶಗಳಿಗೆ ಕರೆ ಹೇಗೆ ಮುಟ್ಟಿತೆಂಬ ಪ್ರಶ್ನೆಗೆ ಉತ್ತರ ದೊರೆಯಲು ನೂರಕ್ಕೂ ಹೆಚ್ಚು ವರ್ಷಗಳು ಹಿಡಿದುವು. ಉತ್ತರದ ಮೊದಲನೆಯ ತುಣುಕು 1892ರಲ್ಲಿ ಬರ್ಲಿನ್ನಿನಲ್ಲಿ, ಕಾಖ್ ಮಹಾಶಯನ ಸಂಸ್ಥೆಯಲ್ಲಿ, ರಿಚರ್ಡ್ ಫೈಫರನ ಕೈಗೆ ಸಿಕ್ಕಿತು. ಕಾಲರಾ ರೋಗಾಣುಗಳನ್ನು ಕಾಯಿಸಿ ಕೊಂದ ಮೇಲೆಯೂ ಅವುಗಳ ಹೆಣಗಳೇ ಗಿನಿಯಿಲಿಗಳನ್ನು ಕೊಲ್ಲಬಲ್ಲುವೆಂದೂ, ಆ ವಿಷವು ರೋಗಾಣುವಿನ ಶರೀರಕ್ಕೇ ಅಂಟಿಕೊಂಡಿದ್ದು ಕಾವಿಗೆ ಜಗ್ಗದೆಂದೂ ಆತನು ತೋರಿಸಿದನು. ಅಂತರ್ವಿಷವೆಂದು ಹೆಸರು ಪಡೆದ ಈ ಪದಾರ್ಥವು ಕಾಲರಾದ ಭೇದಿಗೆ ಕಾರಣವಲ್ಲವೆಂಬುದನ್ನು 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಅವರು, ರೋಗಾಣು ಹೊರಕ್ಕೆ ಸ್ರವಿಸುವ ಬೇರೊಂದು ವಿಷವನ್ನು ತೋರಿಸುವುದರ ಮೂಲಕ ಸ್ಥಾಪಿಸಿದರು. ಅವರಿಗೆ ಬದುಕಿರುವಾಗ ಸಲ್ಲಬೇಕಾದಷ್ಟು ಮನ್ನಣೆ ಸಲ್ಲಲಿಲ್ಲವೆಂಬುದನ್ನು ಇಲ್ಲಿ ಹೇಳದೆ ಮುಂದೆ ಸಾಗಲು ಮನಸ್ಸು ಬಾರದು. ಆದರೂ ಫೈಫರನು ಕಂಡದ್ದು ಸುಳ್ಳಲ್ಲ. ಬ್ಯಾಕ್ಟೀರಿಯಗಳ ಒಂದು ದೊಡ್ಡ ವರ್ಗದ ಹೊರಕವಚದಲ್ಲೆಲ್ಲ ಹರಡಿಕೊಂಡಿರುವ, ಕೊಬ್ಬು ಮತ್ತು ಸಕ್ಕರೆಗಳಿಂದ ರಚಿತವಾದ ಪದಾರ್ಥವೇ ಅದು.

ಈ ಅಂತರ್ವಿಷವು ವೈದ್ಯರನ್ನು ಮೊದಲು ಕಾಡಿದ್ದು ಸೂಜಿಮದ್ದಿನ ಮೂಲಕ. ಚೆನ್ನಾಗಿ ಕುದಿಸಿ, ಜೀವಾಣುರಹಿತವಾಗಿಸಿದ ನೀರನ್ನು ರಕ್ತನಾಳಕ್ಕೆ ಏರಿಸಿದರೂ ರೋಗಿಗೆ ಗಂಟೆಯೊಳಗೆ ನಡುಕ ಹುಟ್ಟಿ ಜ್ವರ ಕಾಯುತ್ತಿತ್ತು. ಔಷಧದ ದೋಷವೆಂದು ಕೆಲವರೂ ರೋಗಿಯ ಪ್ರಕೃತಿಯೆಂದು ಕೆಲವರೂ ತಿಳಿದರು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಫ್ಲಾರೆನ್ಸ್ ಸೈಬರ್ಟ್ ಎಂಬ ಮಹಿಳೆ 1923ರ ಹೊತ್ತಿಗೆ ಇದರ ನಿಜವಾದ ಕಾರಣವನ್ನು ಬಯಲಿಗೆಳೆದರು. ಭಟ್ಟಿ ಇಳಿಸುವಾಗ ಕುದಿಯುವ ನೀರಿನ ಸೂಕ್ಷ್ಮ ತುಂತುರುಗಳು ಆವಿಯೊಡನೆ ಹಾರಿ ಶುದ್ಧಜಲದ ಪಾತ್ರೆಗೆ ಬೀಳುತ್ತಿದ್ದುವು. ಅವುಗಳಲ್ಲಿ ಸತ್ತ ಬ್ಯಾಕ್ಟೀರಿಯಗಳ ಶೇಷವಿತ್ತು. ಕುದಿಸುವುದರಿಂದ ಜೀವ ಹೋಗುತ್ತಿತ್ತೇ ಹೊರತು ವಿಷ ಹೋಗುತ್ತಿರಲಿಲ್ಲ. ಆವಿಯ ಹಾದಿಯಲ್ಲಿ ತುಂತುರನ್ನು ತಡೆಯುವ ಅಡ್ಡಗಳನ್ನಿಟ್ಟು ಆಕೆ ಆ ಜ್ವರವನ್ನೇ ಇಲ್ಲವಾಗಿಸಿದರು. ಇಂದು ಆಸ್ಪತ್ರೆಗಳಲ್ಲಿ ಲವಣಜಲದ ಬಾಟಲಿಯನ್ನು ನಿರ್ಭಯವಾಗಿ ತೂಗುಹಾಕುವುದಕ್ಕೆ ನಾವು ಋಣಿಯಾಗಿರಬೇಕಾದವರಲ್ಲಿ ಆಕೆ ಅಗ್ರಗಣ್ಯರು. ಅನಂತರ ಪ್ರತಿಯೊಂದು ಸೂಜಿಮದ್ದನ್ನೂ ಮೊಲಗಳಿಗೆ ಚುಚ್ಚಿ, ಅವುಗಳ ಮೈಕಾವು ಏರುವುದೋ ಇಲ್ಲವೋ ಎಂದು ನೋಡುವ ಪದ್ಧತಿ ಔಷಧ ಸಂಹಿತೆಗಳಲ್ಲಿ ಸೇರಿತು.

ಜ್ವರವು ಹೊರಗಿನ ವಿಷದಿಂದ ನೇರವಾಗಿ ಹುಟ್ಟುವುದಲ್ಲ, ಆ ವಿಷವನ್ನು ಕಂಡ ದೇಹದ ಕೋಶಗಳೇ ಸ್ರವಿಸುವ ಮತ್ತೊಂದು ದ್ರವ್ಯದಿಂದ ಹುಟ್ಟುವುದೆಂಬ ಅಂಶ ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಸ್ಪಷ್ಟವಾಗುತ್ತ ಬಂದಿತು. ಕಾಲಕ್ರಮದಲ್ಲಿ ಇಂಟರ್‌ಲ್ಯೂಕಿನ್-1 ಎಂದು ಕರೆಯಲ್ಪಟ್ಟ ಆ ದ್ರವ್ಯದ ವಂಶವಾಹಿ 1984ರಲ್ಲಿ ಕೈವಶವಾಯಿತು. ಅದನ್ನು ಹಿಡಿದುಕೊಳ್ಳುವ ಗ್ರಾಹಕದ ರಚನೆ 1988ರಲ್ಲಿ ತಿಳಿಯಿತು. ಆದರೆ ಹಿಡಿದುಕೊಂಡ ಬಳಿಕ ಕೋಶದೊಳಗೆ ನಡೆಯುವುದೇನು? ಅಲ್ಲಿ ಶಾಸ್ತ್ರವು ಕತ್ತಲೆಯಲ್ಲಿ ನಿಂತಿತ್ತು.

ಆ ಕತ್ತಲೆಗೆ ದೀಪ ತಂದವರು ಕೀಟಗಳನ್ನು ಸಾಕುತ್ತಿದ್ದವರು. ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಅವರ ಸಂಗಡಿಗರು ಹಣ್ಣುನೊಣದ ಭ್ರೂಣದಲ್ಲಿ ಬೆನ್ನು ಯಾವ ಕಡೆಗೆ, ಹೊಟ್ಟೆ ಯಾವ ಕಡೆಗೆ ಎಂಬುದನ್ನು ನಿಶ್ಚಯಿಸುವ ಟೋಲ್ ಎಂಬ ವಂಶವಾಹಿಯನ್ನು ಅಭ್ಯಾಸಮಾಡುತ್ತಿದ್ದರು. ಅದರ ರಚನೆ 1988ರಲ್ಲಿ ಪ್ರಕಟವಾದಾಗ ಅದಕ್ಕೂ ಜ್ವರಕ್ಕೂ ನಂಟಿದೆಯೆಂದು ಯಾರೂ ಊಹಿಸಿರಲಿಲ್ಲ. 1991ರಲ್ಲಿ ಕೇಂಬ್ರಿಜ್ಜಿನ ನಿಕೊಲಸ್ ಗೇ ಮತ್ತು ಕೀತ್ ಎಂಬ ಇಬ್ಬರು, ಟೋಲ್ ಪ್ರೋಟೀನಿನ ಕೋಶಾಂತರ್ಗತ ಭಾಗವೂ ಇಂಟರ್‌ಲ್ಯೂಕಿನ್-1ರ ಗ್ರಾಹಕದ ಕೋಶಾಂತರ್ಗತ ಭಾಗವೂ ಒಂದೇ ಕುಲಕ್ಕೆ ಸೇರಿದುವೆಂದು ಅಕ್ಷರಕ್ಕಕ್ಷರ ಹೊಂದಿಸಿ ತೋರಿಸಿದರು. ನೊಣದ ಭ್ರೂಣದ ಬೆನ್ನುಹೊಟ್ಟೆಗಳಿಗೂ ಮನುಷ್ಯನ ಜ್ವರಕ್ಕೂ ಒಂದೇ ಯಂತ್ರಭಾಗ! ಈ ಹೋಲಿಕೆಯ ಅರ್ಥ ತಿಳಿಯಲು ಇನ್ನೂ ಕೆಲವು ವರ್ಷ ಕಾಯಬೇಕಾಯಿತು.

ನಮ್ಮ ಕಥಾನಾಯಕನ ಜನನ ಈ ಮಧ್ಯೆ ಬೇರೊಂದು ಮೂಲೆಯಲ್ಲಿ ಆಗಿಹೋಗಿತ್ತು. ಫಿಲಡೆಲ್ಫಿಯದಲ್ಲಿ ಲೀಬರ್ಮನ್ ಮತ್ತು ಹಾಫ್‌ಮನ್-ಲೀಬರ್ಮನ್ ಎಂಬ ಸಂಶೋಧಕರು, ತಮ್ಮ ಸಹೋದ್ಯೋಗಿ ಲಾರ್ಡ್ ಅವರೊಡನೆ, ಇಲಿಯ ರಕ್ತದ ಕ್ಯಾನ್ಸರ್ ಕೋಶಗಳನ್ನು ಇಂಟರ್‌ಲ್ಯೂಕಿನ್-6ರಿಂದ ಪ್ರಚೋದಿಸಿ, ಅವು ಉನ್ಮತ್ತ ವೃದ್ಧಿಯನ್ನು ಬಿಟ್ಟು ಪ್ರೌಢಕೋಶಗಳಾಗಿ ಮಾರ್ಪಡುವಾಗ ಮೊತ್ತಮೊದಲು ಎಚ್ಚರಗೊಳ್ಳುವ ವಂಶವಾಹಿಗಳು ಯಾವುವೆಂದು ಹುಡುಕುತ್ತಿದ್ದರು. ಸಿಕ್ಕ ಸಿಕ್ಕ ವಂಶವಾಹಿಗೆ ಸಂಖ್ಯೆಗಳನ್ನು ಕೊಟ್ಟು 1990ರಲ್ಲಿ ಪ್ರಕಟಿಸಿದರು. 116, 118 ಎಂಬ ಸಂಖ್ಯೆಗಳ ಜೊತೆಗೆ 88 ಎಂಬುದೂ ಒಂದು. ಅಷ್ಟೆ. ಅದು ಏನು ಮಾಡುತ್ತದೆಂಬುದು ಅದನ್ನು ಕಂಡವರಿಗೂ ತಿಳಿದಿರಲಿಲ್ಲ. 1994ರಲ್ಲಿ ಸ್ವೀಡನ್ನಿನ ಡಾನ್ ಹುಲ್ಟ್‌ಮಾರ್ಕ್, ಈ ಅನಾಮಧೇಯ ಪ್ರೋಟೀನಿನ ಉತ್ತರಾರ್ಧವೂ ಟೋಲ್ ಕುಲಕ್ಕೇ ಸೇರಿದ್ದೆಂದು ಗುರುತಿಸಿದರು. ಇಷ್ಟಾದರೂ ಏಳು ವರ್ಷಗಳ ಕಾಲ ಅದು ಸಂಖ್ಯೆಯಿದ್ದು ಕೆಲಸವಿಲ್ಲದ ವಸ್ತುವಾಗಿಯೇ ಉಳಿಯಿತು.

ಇದೇ ಕಾಲದಲ್ಲಿ ರೋಗನಿರೋಧಶಾಸ್ತ್ರದ ಒಂದು ಹಳೆಯ ಗುಟ್ಟನ್ನು ಯೇಲ್ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಜೇನ್ವೇ ಸಭೆಯಲ್ಲಿ ಬಿಚ್ಚಿಟ್ಟರು. ಪರಿಶುದ್ಧವಾದ ಪ್ರೋಟೀನನ್ನು ಪ್ರಾಣಿಗೆ ಚುಚ್ಚಿದರೆ ರೋಗನಿರೋಧ ಹುಟ್ಟುವುದಿಲ್ಲ. ಅದರೊಡನೆ ಸತ್ತ ಕ್ಷಯರೋಗಾಣುಗಳನ್ನು ಕಲಸಿದ ಎಣ್ಣೆಯಂಥ ಯಾವುದಾದರೊಂದು ಅಶುದ್ಧ ಮಿಶ್ರಣವನ್ನು ಸೇರಿಸಲೇಬೇಕು. ಇದನ್ನು ಎಲ್ಲರೂ ಮಾಡುತ್ತಿದ್ದರು, ಯಾರೂ ಕಾರಣ ಕೇಳುತ್ತಿರಲಿಲ್ಲ. 1989ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನ ವಿದ್ವದ್ಗೋಷ್ಠಿಯಲ್ಲಿ ಜೇನ್ವೇ ವಾದಿಸಿದ್ದೇನೆಂದರೆ, ಆ ಅಶುದ್ಧಿಯೇ ಮುಖ್ಯ. ಸೂಕ್ಷ್ಮಜೀವಿಗಳಿಗೆ ಮಾತ್ರ ಸಾಮಾನ್ಯವಾಗಿರುವ ಕೆಲವು ಲಕ್ಷಣಗಳನ್ನು ಗುರುತಿಸಬಲ್ಲ ಗ್ರಾಹಕಗಳು ದೇಹದಲ್ಲಿ ಜನ್ಮತಃ ಇರಬೇಕು, ಅವು ಎಚ್ಚರಗೊಳ್ಳದ ಹೊರತು ಮಿಕ್ಕ ಸೈನ್ಯ ಮೇಲೇಳದು. ಪ್ರಮಾಣವೊಂದೂ ಇಲ್ಲದೆ ತರ್ಕಮಾತ್ರದಿಂದ ಕಟ್ಟಿದ ಆ ಪ್ರಬಂಧವನ್ನು ಮಾಸ್ಕೋದಲ್ಲಿ ವಿದ್ಯಾರ್ಥಿಯಾಗಿದ್ದ ರುಸ್ಲಾನ್ ಮೆಜಿಟೊವ್ ಓದಿ ಪರವಶನಾಗಿ, ಮುಂದೆ ಜೇನ್ವೇಯವರ ಬಳಿಗೇ ಹೋಗಿ ಸೇರಿದನು. 1997ರಲ್ಲಿ ಆ ಗುರುಶಿಷ್ಯರು ಮಾನವ ಟೋಲ್ ಗ್ರಾಹಕವೊಂದನ್ನು ಜಗತ್ತಿಗೆ ತೋರಿಸಿದರು. ಅದಕ್ಕೆ ಹಿಂದಿನ ವರ್ಷವೇ ಸ್ಟ್ರಾಸ್‌ಬೂರ್ಗಿನಲ್ಲಿ ಜೂಲ್ ಹಾಫ್‌ಮನ್ ಮತ್ತು ಬ್ರೂನೊ ಲೆಮೇತ್ರ್, ಟೋಲ್ ಕೆಟ್ಟ ನೊಣಗಳು ಬೂಷ್ಟಿನ ಸೋಂಕಿಗೆ ಎದುರು ನಿಲ್ಲಲಾರದೆ ಮೈತುಂಬ ಬೂಷ್ಟು ಬೆಳೆದು ಸಾಯುವುದನ್ನು ಕಂಡಿದ್ದರು. 1998ರಲ್ಲಿ ಟೆಕ್ಸಸ್ಸಿನ ಬ್ರೂಸ್ ಬ್ಯೂಟ್ಲರನ ತಂಡ, 1960ರ ದಶಕದಿಂದಲೂ ಅಂತರ್ವಿಷಕ್ಕೆ ಜಗ್ಗದೆ ವಿಸ್ಮಯಗೊಳಿಸಿದ್ದ ಇಲಿಗಳ ಒಂದು ತಳಿಯಲ್ಲಿ ಕೆಟ್ಟುಹೋಗಿರುವುದು ನಾಲ್ಕನೆಯ ಟೋಲ್ ಗ್ರಾಹಕವೇ ಎಂದು ಸಾಧಿಸಿತು. ಫೈಫರನ ವಿಷವನ್ನು ಹಿಡಿಯುವ ಕೈ ಯಾವುದೆಂಬುದು 106 ವರ್ಷಗಳ ಮೇಲೆ ತಿಳಿಯಿತು.

ಮೈಡಿ-88ರ ಕೆಲಸ ಗೊತ್ತಾದುದೂ 1997ರಲ್ಲಿಯೇ. ದಕ್ಷಿಣ ಸ್ಯಾನ್‌ಫ್ರಾನ್ಸಿಸ್ಕೋದ ಟ್ಯುಲಾರಿಕ್ ಎಂಬ ಸಂಸ್ಥೆಯಲ್ಲಿ ವೆಶೆ, ಕಾವ್ ಮೊದಲಾದವರೂ, ವಿಶ್ವ ದೀಕ್ಷಿತ್ ಅವರ ತಂಡದವರೂ ಸ್ವತಂತ್ರವಾಗಿ, ಇಂಟರ್‌ಲ್ಯೂಕಿನ್-1ರ ಗ್ರಾಹಕಕ್ಕೂ ಐರ್ಯಾಕ್ ಎಂಬ ಕಿಣ್ವಕ್ಕೂ ನಡುವೆ ನಿಂತು ಎರಡನ್ನೂ ಜೋಡಿಸುವುದು ಈ ಪ್ರೋಟೀನೇ ಎಂದು ಕಂಡರು; ಮರುವರ್ಷ ಟೋಲ್ ಗ್ರಾಹಕಗಳಿಗೂ ಇದೇ ಸಂಯೋಜಕವೆಂದು ಸಿದ್ಧವಾಯಿತು. ಇದು ಸ್ವತಃ ಕಿಣ್ವವಲ್ಲ. ಏನನ್ನೂ ಕತ್ತರಿಸುವುದಿಲ್ಲ, ಯಾವುದಕ್ಕೂ ಫಾಸ್ಫೇಟನ್ನು ಅಂಟಿಸುವುದಿಲ್ಲ. ಊರ ಹೆಬ್ಬಾಗಿಲಲ್ಲಿ ಎದ್ದ ಕೂಗನ್ನು ಪಟೇಲನ ಚಾವಡಿಗೆ ಮುಟ್ಟಿಸುವ ತಳವಾರನಂತೆ, ಒಂದು ತುದಿಯಿಂದ ಗ್ರಾಹಕದ ಬಾಲವನ್ನೂ ಮತ್ತೊಂದು ತುದಿಯಿಂದ ಕಿಣ್ವವನ್ನೂ ಹಿಡಿದುಕೊಳ್ಳುವುದಷ್ಟೇ ಇದರ ಉದ್ಯೋಗ. ಜಪಾನಿನ ಶಿಜುವೊ ಅಕಿರಾ ಅವರ ಪ್ರಯೋಗಶಾಲೆಯಲ್ಲಿ ಈ ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳನ್ನು ಬೆಳೆಸಿದಾಗ, ಅವು ಇತರ ಇಲಿಗಳನ್ನು ಕೊಲ್ಲುವ ಪ್ರಮಾಣದ ಅಂತರ್ವಿಷವನ್ನು ಸಹಿಸಿಕೊಂಡು ಬದುಕಿದುವು. ಆ ಇಲಿಗಳ ಕೋಶಗಳಲ್ಲಿ ತಡವಾಗಿಯಾದರೂ ಒಂದು ಸಣ್ಣ ಎಚ್ಚರ ಮೂಡುತ್ತಿದ್ದುದನ್ನು ಅವರು ಅಲಕ್ಷಿಸದೆ ಬೆನ್ನಟ್ಟಿದ್ದರಿಂದಲೇ, 2003ರ ವೇಳೆಗೆ ಟ್ರಿಫ್ ಎಂಬ ಬೇರೊಂದು ಸಂಯೋಜಕದ ಹಾದಿ ಬೆಳಕಿಗೆ ಬಂದಿತು.

ಇನ್ನು ಕಸುಬಿನ ಮಾತು. ಒಂದು ಪ್ರೋಟೀನಿನ ಆಕಾರವನ್ನು ತಿಳಿಯಬೇಕಾದರೆ ಮಿಲಿಗ್ರಾಮುಗಳಷ್ಟಾದರೂ ಶುದ್ಧವಸ್ತು ಬೇಕು. ಮನುಷ್ಯನ ಕೋಶಗಳಿಂದ ಅಷ್ಟನ್ನು ಹಿಂಡಿ ತೆಗೆಯುವುದು ದುಸ್ಸಾಧ್ಯ. ಆದುದರಿಂದ ವಿದ್ವಾಂಸರು ಮೊರೆಹೊಕ್ಕದ್ದು, 1973ರಲ್ಲಿ ಕೋಹೆನ್ ಮತ್ತು ಬೋಯರ್ ತೋರಿಸಿಕೊಟ್ಟ ಡಿಎನ್‌ಎ ಪುನಸ್ಸಂಯೋಜನೆಯ ವಿದ್ಯೆಯನ್ನು. ಬೋಯರ್ ಅವರೇ ಸ್ಥಾಪಕರಲ್ಲೊಬ್ಬರಾಗಿದ್ದ ಜೆನೆನ್‌ಟೆಕ್ ಸಂಸ್ಥೆ 1978ರಲ್ಲಿ ಬ್ಯಾಕ್ಟೀರಿಯದಿಂದ ಮಾನವ ಇನ್ಸುಲಿನನ್ನು ಮಾಡಿಸಿತು. 1982ರಲ್ಲಿ ಅದು ಔಷಧವಾಗಿ ಅಂಗೀಕೃತವಾಯಿತು. ಈ ಎಲ್ಲಕ್ಕೂ ಆಶ್ರಯವಾದ ಬ್ಯಾಕ್ಟೀರಿಯ ಎಶ್ಚರೀಕಿಯ ಕೋಲೈ. ಪ್ರಯೋಗಶಾಲೆಗಳ ಅತ್ಯಂತ ಪರಿಚಿತವಾದ ಅದರ ಕೆ-12 ಎಂಬ ತಳಿ 1922ರಲ್ಲಿ ಕ್ಯಾಲಿಫೋರ್ನಿಯದಲ್ಲಿ, ಚೇತರಿಸಿಕೊಳ್ಳುತ್ತಿದ್ದ ಒಬ್ಬ ಡಿಫ್ತೀರಿಯ ರೋಗಿಯ ಮಲದಿಂದ ಬಂದದ್ದೆಂಬುದನ್ನು ನೆನೆದರೆ, ಶುದ್ಧಿಯ ಪರಾಕಾಷ್ಠೆಯನ್ನು ಬಯಸುವ ಈ ಕಸುಬಿನ ಬೇರು ಎಲ್ಲಿ ಇಳಿದಿದೆಯೆಂದು ತಿಳಿಯುತ್ತದೆ. 1986ರಲ್ಲಿ ಟಿ-7 ಎಂಬ ವೈರಸಿನ ಕಿಣ್ವವನ್ನು ಈ ಬ್ಯಾಕ್ಟೀರಿಯಕ್ಕೆ ಹೂಡಿ, ಬೇಕಾದ ಪ್ರೋಟೀನನ್ನು ವಿಪುಲವಾಗಿ ಕಟ್ಟಿಸುವ ಕ್ರಮವೂ, ಎರಡು ವರ್ಷಗಳ ಬಳಿಕ ಪ್ರೋಟೀನಿನ ತುದಿಗೆ ಆರು ಹಿಸ್ಟಿಡಿನ್‌ಗಳ ಬಾಲವನ್ನು ಹಚ್ಚಿ ನಿಕ್ಕಲ್ ತುಂಬಿದ ಕೊಳವೆಯಲ್ಲಿ ಅದನ್ನು ಹಿಡಿದು ನಿಲ್ಲಿಸುವ ಉಪಾಯವೂ ಬಳಕೆಗೆ ಬಂದುವು. ಬ್ಯಾಕ್ಟೀರಿಯದ ಸಾವಿರಾರು ಪ್ರೋಟೀನುಗಳು ಹರಿದುಹೋಗಿ ಬೇಕಾದದ್ದೊಂದೇ ಕೊಳವೆಯಲ್ಲಿ ಉಳಿಯುತ್ತದೆ. ಒಮ್ಮೊಮ್ಮೆ ಮಾನವ ಪ್ರೋಟೀನು ಅಪರಿಚಿತ ಒಡಲಿನಲ್ಲಿ ಸರಿಯಾಗಿ ಮಡಿಚಿಕೊಳ್ಳಲಾರದೆ ಗಂಟುಗಂಟಾಗಿ ನಿಷ್ಪ್ರಯೋಜಕವಾಗುವುದೂ ಉಂಟು. ಆಗ ಯೂರಿಯದಲ್ಲಿ ಕರಗಿಸಿ, ನಿಧಾನವಾಗಿ ಮತ್ತೆ ಮಡಿಚಿಕೊಳ್ಳಗೊಡುವ ತಾಳ್ಮೆ ಬೇಕಾಗುತ್ತದೆ.

ಆದರೆ ಆ ಬ್ಯಾಕ್ಟೀರಿಯದ ಹೊರಕವಚದ ತುಂಬ ಇರುವುದು ಫೈಫರನ ವಿಷವೇ ಅಲ್ಲವೆ! ಕೋಶವನ್ನು ಒಡೆದೊಡನೆ ಅದು ಎಲ್ಲೆಡೆ ಹರಡಿಕೊಂಡು, ತಯಾರಾದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಕಣ್ಣಿಗೂ ಕಾಣದು, ಪ್ರೋಟೀನನ್ನು ಅಳೆಯುವ ಸಾಮಾನ್ಯ ವಿಧಾನಗಳಿಗೂ ಸಿಕ್ಕದು. ಮಿಕ್ಕ ಪ್ರೋಟೀನುಗಳ ವಿಷಯದಲ್ಲಿ ಇದು ಒಂದು ತೊಡಕು ಮಾತ್ರ. ಸಹಜ ರೋಗನಿರೋಧದ ಅಭ್ಯಾಸಿಗೆ ಇದು ಪ್ರಮಾದಕ್ಕೆ ತೆರೆದ ಬಾಗಿಲು: ತಾನು ತಯಾರಿಸಿದ ಪ್ರೋಟೀನಿನಿಂದ ಕೋಶಗಳು ಎಚ್ಚತ್ತುವೆಂದು ಅವನು ತಿಳಿಯುವನು, ವಾಸ್ತವದಲ್ಲಿ ಎಚ್ಚರಿಸಿದ್ದು ಅದಕ್ಕೆ ಅಂಟಿಬಂದ ವಿಷ. ಶತಮಾನದ ಆ ಸಂಧಿಯಲ್ಲಿ ಇಂಥ ಪ್ರಮಾದಗಳು ಒಂದೆರಡಲ್ಲ. ಅಂತರ್ವಿಷದ ಗ್ರಾಹಕ ಎರಡನೆಯ ಟೋಲ್ ಎಂದು 1998ರಲ್ಲಿ ಹೊರಬಿದ್ದ ವರದಿಗಳು, ಅಂತರ್ವಿಷದ ಮಾದರಿಯನ್ನು 2000ದಲ್ಲಿ ಮತ್ತೊಮ್ಮೆ ಶೋಧಿಸಿ ನೋಡಿದಾಗ ಅದರಲ್ಲಿ ಬೆರೆತಿದ್ದ ಬೇರೊಂದು ಬ್ಯಾಕ್ಟೀರಿಯಜನ್ಯ ಪ್ರೋಟೀನಿನ ಮಾಯೆಯೆಂದು ತಿಳಿದುಬಂದಿತು. ದೇಹದ ಕೆಲವು ಆಘಾತಪ್ರೋಟೀನುಗಳೂ ಟೋಲ್ ಗ್ರಾಹಕಗಳನ್ನು ಎಬ್ಬಿಸುವುವೆಂಬ ವಾದವು, 2003ರಲ್ಲಿ ಅಂತರ್ವಿಷವನ್ನು ಕಳೆದು ಪರೀಕ್ಷಿಸಿದಾಗ ಬಹುಮಟ್ಟಿಗೆ ಕುಸಿಯಿತು. ಇದನ್ನು ನಾನು ಆ ವಿದ್ವಾಂಸರ ನಿಂದೆಗಾಗಿ ಹೇಳುತ್ತಿಲ್ಲ. ಶುದ್ಧಿಯೆಂಬುದು ಕೈಗೆ ಸಿಕ್ಕುವುದು ಎಷ್ಟು ದುರ್ಲಭವೆಂಬುದನ್ನು ಅವರು ತಮ್ಮ ಶ್ರಮದಿಂದಲೇ ಲೋಕಕ್ಕೆ ಕಲಿಸಿದರು.

ಆ ವಿಷವನ್ನು ಅಳೆಯುವ ತಕ್ಕಡಿ ದೊರೆತದ್ದು ಸಮುದ್ರದಿಂದ. ಅಮೆರಿಕದ ಪೂರ್ವತೀರದ ವುಡ್ಸ್ ಹೋಲಿನಲ್ಲಿ ಫ್ರೆಡರಿಕ್ ಬ್ಯಾಂಗ್, ಲಾಳದಾಕಾರದ ಚಿಪ್ಪುಳ್ಳ ಒಂದು ಪುರಾತನ ಕಡಲಜೀವಿಯ ನೀಲಿರಕ್ತವು ಬ್ಯಾಕ್ಟೀರಿಯದ ಸೋಂಕಿನಿಂದ ಹೆಪ್ಪುಗಟ್ಟುವುದನ್ನು 1956ರಲ್ಲಿ ವರ್ಣಿಸಿದ್ದರು. 1964ರಲ್ಲಿ ಜ್ಯಾಕ್ ಲೆವಿನ್ ಅವರೊಡಗೂಡಿ ಅದಕ್ಕೆ ಕಾರಣ ಅಂತರ್ವಿಷವೇ ಎಂದು ನಿರ್ಣಯಿಸಿದರು. ಆ ರಕ್ತಕೋಶಗಳ ಸಾರದಿಂದ ಮಾಡುವ ಪರೀಕ್ಷೆ ಮೊಲಗಳನ್ನು ಆ ಯಾತನೆಯಿಂದ ಬಹುಪಾಲು ಬಿಡಿಸಿತು. ಪ್ರೋಟೀನಿನ ಸೀಸೆಯ ಮೇಲೆ ಇಂದು ನಮೂದಿಸುವ ಅಂತರ್ವಿಷದ ಮಿತಿ ಅದರದೇ ಅಳತೆ. ಅನಂತರ ಸಿಂಗಪುರದ ಡಿಂಗ್ ಜೀಕ್ ಲಿಂಗ್ ಮತ್ತು ಹೋ ಬೋ ದಂಪತಿಗಳು, ಆ ಜೀವಿಯ ರಕ್ತದ ಅಂಶವನ್ನೇ ಪುನಸ್ಸಂಯೋಜನೆಯಿಂದ ತಯಾರಿಸುವ ದಾರಿಯನ್ನು ತೋರಿಸಿದರು. ಅಂತರ್ವಿಷದ ಕಾಟವೇ ಬೇಡವೆಂದು ಅದರ ಸುಳಿವೇ ಇಲ್ಲದ ಯೀಸ್ಟನ್ನು ಆಶ್ರಯಿಸಿದವರೂ ಉಂಟು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಹೊರತಂದ ಇನ್ಸುಲಿನ್ ಅಂಥ ಯೀಸ್ಟಿನಿಂದ ಮಾಡಿದ್ದು.

ಹೀಗೆ ಕೈಪಳಗಿದ ಮೇಲೆ ಮೈಡಿ-88ರ ರೂಪ ಕಾಣತೊಡಗಿತು. 1991ರಲ್ಲಿ ನೊಣವನ್ನೂ ಜ್ವರವನ್ನೂ ಬೆಸೆದ ಅದೇ ನಿಕೊಲಸ್ ಗೇ ಅವರ ತಂಡ, 2009ರಲ್ಲಿ ಶುದ್ಧಪ್ರೋಟೀನುಗಳನ್ನು ಬೆರೆಸಿ, ಈ ಸಂಯೋಜಕವು ಒಂಟಿಯಾಗಿ ಅಲ್ಲದೆ ಗುಂಪುಗೂಡಿ ಐರ್ಯಾಕ್-4ನ್ನು ಹಿಡಿಯುತ್ತದೆಂದು ತೋರಿಸಿತು. ಮರುವರ್ಷ ನ್ಯೂಯಾರ್ಕಿನಲ್ಲಿ ಹಾವ್ ವೂ ಅವರ ತಂಡ ಹರಳುಗಟ್ಟಿಸಿ ಕಂಡ ಚಿತ್ರ ಇನ್ನೂ ನಿಖರವಾಗಿತ್ತು: ಕೆಳಗೆ ಆರು ಮೈಡಿ-88, ಅವುಗಳ ಮೇಲೆ ನಾಲ್ಕು ಐರ್ಯಾಕ್-4, ಮತ್ತೂ ಮೇಲೆ ನಾಲ್ಕು ಐರ್ಯಾಕ್-2, ಸುರುಳಿ ಮೆಟ್ಟಿಲಿನಂತೆ ಏರಿಹೋಗುವ ಒಂದು ಗೋಪುರ. ಒಂದು ಸಂಯೋಜಕ ಮಾತ್ರ ಎಚ್ಚರಗೊಂಡರೆ ಗೋಪುರ ಏಳದು. ಸಾಕಷ್ಟು ಮಂದಿ ಕೂಡಿದಾಗಲೇ ಏಳುವುದು. ಸುಳ್ಳು ಸುದ್ದಿಗೆ ದೇಹ ಬೆಚ್ಚದಿರುವುದಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ.

ಈ ಸಂಯಮ ಕೆಟ್ಟಾಗ ಆಗುವ ಅನರ್ಥವೂ ತಿಳಿದಿದೆ. 1944ರಲ್ಲಿ ಸ್ವೀಡನ್ನಿನ ವೈದ್ಯ ಯಾನ್ ವಾಲ್ಡೆನ್‌ಸ್ಟ್ರೋಮ್ ವರ್ಣಿಸಿದ, ರಕ್ತವು ಮಂದವಾಗಿ ಹರಿಯುವ ಒಂದು ವಿರಳ ಅರ್ಬುದದಲ್ಲಿ, ಮೈಡಿ-88ರ 265ನೆಯ ಸ್ಥಾನದ ಲ್ಯೂಸಿನ್ ಪ್ರೋಲಿನ್ ಆಗಿ ಬದಲಾಗಿರುವುದನ್ನು 2012ರಲ್ಲಿ ಬಾಸ್ಟನ್ನಿನ ಸಂಶೋಧಕರು ನೂರರಲ್ಲಿ ಸುಮಾರು ತೊಂಬತ್ತು ಮಂದಿ ರೋಗಿಗಳಲ್ಲಿ ಕಂಡರು. ಒಂದೇ ಒಂದು ಅಕ್ಷರ ತಪ್ಪಿದ ಆ ಪ್ರೋಟೀನು ಯಾರೂ ಕರೆಯದೆಯೇ ಗುಂಪುಗೂಡಿ ಎಡೆಬಿಡದೆ ಸುದ್ದಿ ಸಾರುತ್ತಿರುತ್ತದೆ, ಅದನ್ನು ಕೇಳಿದ ಕೋಶವು ಸಾಯಲೊಲ್ಲದೆ ಬೆಳೆಯುತ್ತಲೇ ಹೋಗುತ್ತದೆ.

ಇದಕ್ಕೆ ತದ್ವಿರುದ್ಧವಾಗಿ, ಹುಟ್ಟಿನಿಂದಲೇ ಮೈಡಿ-88 ಇಲ್ಲದ ಮಕ್ಕಳೂ ಇದ್ದಾರೆ. ಪ್ಯಾರಿಸ್ಸಿನ ಜಾನ್-ಲೊರಾನ್ ಕಸನೋವಾ ಅವರ ತಂಡ 2008ರಲ್ಲಿ ಅಂಥ ಒಂಬತ್ತು ಮಕ್ಕಳನ್ನು ವರ್ಣಿಸಿತು. ಈ ವಂಶವಾಹಿಯಿಲ್ಲದ ಇಲಿಗಳು ಪ್ರಯೋಗಶಾಲೆಯಲ್ಲಿ ನಾನಾ ಬಗೆಯ ಸೋಂಕುಗಳಿಗೆ ತುತ್ತಾಗುತ್ತಿದ್ದುದರಿಂದ, ಈ ಮಕ್ಕಳು ಸಕಲ ಸೂಕ್ಷ್ಮಜೀವಿಗಳಿಗೂ ಬಲಿಯಾಗುವರೆಂದು ಎಣಿಸುವುದು ಸಹಜವಾಗಿತ್ತು. ಆದದ್ದು ಹಾಗಲ್ಲ. ಕೀವು ಹುಟ್ಟಿಸುವ ನ್ಯುಮೊಕಾಕಸ್, ಸ್ಟ್ಯಾಫಿಲೊಕಾಕಸ್‌ಗಳಂಥ ಕೆಲವೇ ಬ್ಯಾಕ್ಟೀರಿಯಗಳು ಅವರನ್ನು ಪ್ರಾಣಾಂತಿಕವಾಗಿ ಪೀಡಿಸಿದುವು. ವೈರಸುಗಳನ್ನೂ ಬೂಷ್ಟುಗಳನ್ನೂ ಮಿಕ್ಕ ಬಹುತೇಕ ಬ್ಯಾಕ್ಟೀರಿಯಗಳನ್ನೂ ಅವರು ಇತರ ಮಕ್ಕಳಂತೆಯೇ ಎದುರಿಸಿದರು. ಅವರಲ್ಲಿ ಕೆಲವರು ಎಳೆವಯಸ್ಸಿನಲ್ಲಿಯೇ ತೀರಿಕೊಂಡರು. ಇಂಥ ಮಕ್ಕಳಿಗೆ ಘೋರವಾದ ಸೋಂಕು ತಗುಲಿದಾಗಲೂ ಮೊದಮೊದಲು ಜ್ವರ ಕಾಯುವುದಿಲ್ಲ, ಕಾದರೂ ಅಲ್ಪ. ಆದುದರಿಂದ ಇವರ ವಿಷಯದಲ್ಲಿ ಮೈಕಾವನ್ನು ನಂಬಿ ಕಾಯುವಂತಿಲ್ಲ, ಶಂಕೆ ಬಂದೊಡನೆ ಪ್ರತಿಜೀವಕವನ್ನು ಕೊಡತಕ್ಕದ್ದೆಂಬುದು ವೈದ್ಯರ ನಿರ್ಣಯ. ಬಾಲ್ಯವನ್ನು ದಾಟಿ ಬದುಕಿದವರಲ್ಲಿ, ಅನುಭವದಿಂದ ಬಲಿತ ರೋಗನಿರೋಧದ ಬೇರೆ ಅಂಗಗಳು ಆ ಕೊರತೆಯನ್ನು ತುಂಬಿಕೊಂಡುದರಿಂದಲೋ ಏನೋ, ವಯಸ್ಸು ಏರಿದಂತೆ ಸೋಂಕುಗಳು ವಿರಳವಾಗುತ್ತ ಬಂದುವು.